ಜಿಮೇಲ್ ಪಾಸ್‌ವರ್ಡ್ ಮರೆತಿದೆ, ರಿಕವರಿ ನಂಬರೂ ಈಗ ನನ್ನ ಹತ್ರ ಇಲ್ಲ, ಏನಾದ್ರೂ ದಾರಿ ಇದ್ಯಾ?

ನೀಲಿಶಾಯಿ

ಎಲ್ರಿಗೂ ನಮಸ್ಕಾರ. ನನ್ನ ಮೇನ್ ಜಿಮೇಲ್ ಅಕೌಂಟ್ ಒಳಗೆ ಹೋಗೋಕೆ ಆಗ್ತಿಲ್ಲ. ಹಳೇ ಆಂಡ್ರಾಯ್ಡ್ ಫೋನಲ್ಲಿ ಯಾವಾಗ್ಲೂ ಲಾಗಿನ್ ಆಗೇ ಇರ್ತಿತ್ತು, ಪಾಸ್‌ವರ್ಡ್ ಹಾಕೋ ಪ್ರಮೇಯಾನೇ ಬರ್ತಿರ್ಲಿಲ್ಲ, ಈಗ ಆ ಫೋನ್ ಬಿದ್ದು ಡಿಸ್‌ಪ್ಲೇ ಹೋಗಿದೆ, ಹೊಸ ಫೋನ್ ತಗೊಂಡು ಸೈನ್ ಇನ್ ಆಗೋಣ ಅಂದ್ರೆ ಪಾಸ್‌ವರ್ಡ್ ನೆನಪಿಗೇ ಬರ್ತಿಲ್ಲ. ರಿಕವರಿಗೆ ಕೊಟ್ಟಿದ್ದ ನಂಬರ್ ಬಿಟ್ಟು ಎಷ್ಟೋ ಕಾಲ ಆಯ್ತು, ರಿಕವರಿ ಈಮೇಲ್ ಹಿಂದಿನ ಕೆಲಸದ್ದು, ಅದೂ ಮುಚ್ಚಿಹೋಗಿದೆ. ಫರ್ಗಾಟ್ ಪಾಸ್‌ವರ್ಡ್ ಒತ್ತಿದ್ರೆ ಅದೇ ಹಳೇ ನಂಬರ್‌ಗೆ ಕೋಡ್ ಕಳಿಸ್ತೀನಿ ಅನ್ನತ್ತೆ, ಬೇರೆ ದಾರಿ ತೋರಿಸು ಅಂತ ಒತ್ತುತ್ತಾ ಹೋದ್ರೆ ಕೊನೆಗೆ ಇದು ನೀವೇ ಅಂತ ಖಚಿತ ಮಾಡ್ಕೊಳ್ಳೋಕೆ ಆಗ್ಲಿಲ್ಲ ಅಂತ ಬಂದು ನಿಂತುಬಿಡತ್ತೆ. ಮಗಳು ಹುಟ್ಟಿದಾಗಿಂದ ತೆಗೆದ ಫೋಟೋ ಎಲ್ಲಾ ಅದ್ರಲ್ಲೇ ಇರೋದು. ಹೊಸ ಫೋನಿಂದ ಮತ್ತೆ ಮತ್ತೆ ಟ್ರೈ ಮಾಡ್ತಾನೇ ಇದೀನಿ. ಗೊತ್ತಿರೋವ್ರು ದಯವಿಟ್ಟು ಹೇಳಿ.

ಹಳೇಮಾನಿಟರ್

ಮೇಡಂ, ಮೊದ್ಲು ಆ ಟ್ರೈ ಮಾಡೋದನ್ನ ನಿಲ್ಲಿಸಿ. ಮೇಲಿಂದ ಮೇಲೆ ಟ್ರೈ ಮಾಡಿದ್ರೆ ಸ್ವಲ್ಪ ಹೊತ್ತು ಬಿಟ್ಟು ಬನ್ನಿ ಅಂತ ಬಾಗಿಲು ಹಾಕ್ಕೊಳ್ಳತ್ತೆ, ಆಮೇಲೆ ಸರಿಯಾದ ಉತ್ತರ ಕೊಟ್ರೂ ತಕ್ಷಣ ತಗೊಳ್ಳಲ್ಲ.

ಅಲ್ಲಿ ನೋಡೋದು ಪಾಸ್‌ವರ್ಡ್ ಒಂದನ್ನೇ ಅಲ್ಲ. ಈ ಡಿವೈಸ್ ಹಿಂದೆ ಈ ಅಕೌಂಟಿಗೆ ಬಂದಿತ್ತಾ, ಬ್ರೌಸರ್ ಅದೇನಾ, ನೀವು ಸಾಮಾನ್ಯವಾಗಿ ಸೈನ್ ಇನ್ ಆಗೋ ಜಾಗದಿಂದ್ಲೇ ಬರ್ತಿದೀರಾ, ಹಳೇ ಪಾಸ್‌ವರ್ಡ್ ಯಾವ್ದಾದ್ರೂ ಗೊತ್ತಾ, ಇದನ್ನೆಲ್ಲಾ ಒಟ್ಟಿಗೆ ತೂಗಿ ನೋಡಿ ಇವ್ರೇ ಇರ್ಬೇಕು ಅಂತ ತೀರ್ಮಾನ ಮಾಡತ್ತೆ. ನೀವು ಹೊಚ್ಚ ಹೊಸ ಫೋನಿಂದ ಬರ್ತಿದೀರಿ, ಅದರ ಕಣ್ಣಿಗೆ ನೀವು ಯಾರೋ ಅಪರಿಚಿತರು. ಕಳ್ಳ ಬಂದ್ರೂ ಹೀಗೇ ತಾನೇ ಬರೋದು. ಹಾಗಾಗಿ ನಂಬರ್ ಹೋಯ್ತು, ಮೇಲ್ ಹೋಯ್ತು ಅಂತ ಎದೆಗುಂದಬೇಡಿ, ಆ ಅಕೌಂಟ್ ಹಿಂದೆ ಓಪನ್ ಆಗಿದ್ದ ಡಿವೈಸ್ ನಿಮ್ಮ ಹತ್ರ ಇದ್ರೆ ಅದೇ ನಿಮ್ಮ ದೊಡ್ಡ ಆಸ್ತಿ.

ಇಷ್ಟು ಹೇಳಿ: ಟು ಸ್ಟೆಪ್ ವೆರಿಫಿಕೇಶನ್, ಅಂದ್ರೆ ಪಾಸ್‌ವರ್ಡ್ ಆದ್ಮೇಲೆ ಫೋನಿಗೆ ಬರೋ ಕೋಡ್ ಥರ ಇನ್ನೊಂದು ಗುರುತೂ ಕೇಳೋದು, ಆನ್ ಇತ್ತಾ? ಹಳೇ ಫೋನ್ ಆನ್ ಆಗತ್ತಾ, ಇಲ್ಲಾ ಪೂರ್ತಿ ಸತ್ತಿದ್ಯಾ? ಅದರ ಲಾಕ್ ಪಿನ್ ಗೊತ್ತಾ? ಮನೇಲಿ ಇದೇ ಅಕೌಂಟ್ ಓಪನ್ ಮಾಡಿದ್ದ ಲ್ಯಾಪ್‌ಟಾಪ್ ಇದ್ಯಾ? ಇದ್ರೆ ಅದರಲ್ಲಿ ಕುಕೀಸ್, ಹಿಸ್ಟರಿ ಏನೂ ಕ್ಲಿಯರ್ ಮಾಡ್ಬೇಡಿ. ಆ ಬ್ರೌಸರ್ ಹಳೇದು ಅಂತ ಗುರುತು ಹಿಡಿಯೋದೇ ಅದರಿಂದ.

ತಂತಿಬೇಲಿ

ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೊಳ್ತೀರಾ, ಸರ್ಚ್ ಮಾಡಿದ್ರೆ ಜಿಮೇಲ್ ಹೆಲ್ಪ್‌ಲೈನ್ ನಂಬರ್ ಸಿಗತ್ತೆ, ದುಡ್ಡು ತಗೊಂಡು ರಿಕವರಿ ಮಾಡಿಕೊಡ್ತಾರಂತೆ, ಒಂದು ಕಾಲ್ ಮಾಡಿ ನೋಡಿ.

ಹಳೇಮಾನಿಟರ್

ತಂತಿಬೇಲಿ ಅವ್ರೇ, ನೀವು ಒಳ್ಳೇದಕ್ಕೇ ಹೇಳಿದೀರಿ, ಆದ್ರೆ ದಯವಿಟ್ಟು ಯಾರೂ ಈ ದಾರಿ ಹಿಡೀಬೇಡಿ. ಸೈನ್ ಇನ್ ಆಗೋಕೆ ಸಹಾಯ ಬೇಕು ಅಂತ ಗೂಗಲ್‌ಗೆ ಫೋನ್ ಮಾಡೋಕೆ ಆಗಲ್ಲ, ಅಕೌಂಟ್ ಬಿಡಿಸಿಕೊಡ್ತೀವಿ ಅನ್ನೋ ಯಾವ ಸರ್ವೀಸ್ ಜೊತೆಗೂ ನಮಗೆ ಸಂಬಂಧ ಇಲ್ಲ ಅಂತ ಅವ್ರ ಹೆಲ್ಪ್ ಪೇಜಲ್ಲೇ ಬರ್ದಿದಾರೆ. ಸರ್ಚಲ್ಲಿ ಸಿಗೋ ಆ ನಂಬರ್‌ಗಳ ಹಿಂದೆ ಕೂತಿರೋವ್ರು ಸ್ಕ್ರೀನ್ ಶೇರ್ ಆ್ಯಪ್ ಹಾಕ್ಕೊಳ್ಳಿ ಅಂತಾರೆ, ಬಂದ ಓಟಿಪಿ ಓದಿ ಹೇಳಿ ಅಂತಾರೆ, ಅಕೌಂಟ್ ಜೊತೆ ಬ್ಯಾಂಕಲ್ಲಿರೋ ದುಡ್ಡೂ ಹೋಗತ್ತೆ. ಕಷ್ಟದಲ್ಲಿ ಇರೋವ್ರೇ ಇವ್ರ ಬಲೆಗೆ ಬೀಳೋದು, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ನೀಲಿಶಾಯಿ

ಅಯ್ಯೋ, ನಾನೂ ಅಂಥ ಒಂದು ನಂಬರ್ ಬರ್ದಿಟ್ಕೊಂಡಿದ್ದೆ, ಹೇಳಿದ್ದು ಒಳ್ಳೇದಾಯ್ತು. ಟು ಸ್ಟೆಪ್ ಆನ್ ಮಾಡಿರ್ಲಿಲ್ಲ. ಫೋನ್ ಚಾರ್ಜಿಗೆ ಹಾಕಿದ್ರೆ ವೈಬ್ರೇಟ್ ಆಗತ್ತೆ, ಬೆಳಿಗ್ಗೆ ಅಲಾರಾಂ ಕೂಡ ಹೊಡ್ಕೊಳ್ಳತ್ತೆ, ಸ್ಕ್ರೀನ್ ಮಾತ್ರ ಪೂರ್ತಿ ಕಪ್ಪು. ಪಿನ್ ಗೊತ್ತು. ಹಳೇ ಲ್ಯಾಪ್‌ಟಾಪೂ ಇದೆ, ಅದ್ರ ಕ್ರೋಮಲ್ಲಿ ಈ ಅಕೌಂಟ್ ಹಿಂದೆ ಓಪನ್ ಆಗಿತ್ತು, ಈಗ ಸೈನ್ ಔಟ್ ಅಂತ ತೋರಿಸ್ತಿದೆ.

ಹಳೇಮಾನಿಟರ್

ಅಲಾರಾಂ ಹೊಡೀತಿದೆ ಅಂದ್ರೆ ಫೋನ್ ಬದುಕಿದೆ ಮೇಡಂ, ಇದಕ್ಕಿಂತ ಒಳ್ಳೇ ಸುದ್ದಿ ಬೇಕಿರ್ಲಿಲ್ಲ. ಒಳಗೆ ಅಕೌಂಟ್ ಇನ್ನೂ ಲಾಗಿನ್ ಆಗೇ ಇರತ್ತೆ.

ಡಿಸ್‌ಪ್ಲೇ ಹಾಕಿಸೋದಕ್ಕೆ ಮುಂಚೆ ಲ್ಯಾಪ್‌ಟಾಪ್ ಒಂದ್ಸಲ ನೋಡಿ. ಕ್ರೋಮ್ ಸೆಟ್ಟಿಂಗ್ಸಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ತೆಗೀರಿ, ಸೇವ್ ಆಗಿರೋದೆಲ್ಲಾ ಸಾಲಾಗಿ ಬರತ್ತೆ, ಕಣ್ಣಿನ ಚಿತ್ರ ಒತ್ತಿದ್ರೆ ಕಂಪ್ಯೂಟರಿನ ಪಿನ್ ಕೇಳಿ ಪಾಸ್‌ವರ್ಡ್ ತೋರಿಸತ್ತೆ. ಕ್ರೋಮಿಗೇ ಸೈನ್ ಇನ್ ಆಗಿ ಸಿಂಕ್ ಆಗಿದ್ದ ಅಕೌಂಟಿನ ಪಾಸ್‌ವರ್ಡ್ ಮಾತ್ರ ಅಲ್ಲಿ ಸಾಮಾನ್ಯವಾಗಿ ಇರಲ್ಲ, ಆದ್ರೂ ನೋಡಿ ಅಂತಿರೋದು ಯಾಕಂದ್ರೆ ಆ ಕಾಲದಲ್ಲಿ ಬೇರೆ ಸೈಟುಗಳಿಗೆ ಏನು ಇಟ್ಟಿದ್ರಿ ಅಂತ ಕಂಡ್ರೆ ನಿಮ್ಮದೇ ಹಳೇ ಚಾಳಿ ನೆನಪಾಗತ್ತೆ. ಮನುಷ್ಯರು ಒಂದೇ ಪದಕ್ಕೆ ಹಿಂದೆ ಮುಂದೆ ಅಂಕಿ ಸೇರಿಸಿ ಓಡಿಸ್ತಿರ್ತಾರೆ. ರಿಕವರಿ ಪೇಜಲ್ಲಿ ನಿಮಗೆ ನೆನಪಿರೋ ಕೊನೇ ಪಾಸ್‌ವರ್ಡ್ ಕೇಳಿದಾಗ ಅದು ಕೆಲಸಕ್ಕೆ ಬರತ್ತೆ, ಈಗಿಂದೇ ಆಗಿರ್ಬೇಕು ಅಂತಿಲ್ಲ, ಹಿಂದಿಂದಾದ್ರೂ ಲೆಕ್ಕಕ್ಕೆ ಬರತ್ತೆ. ಖಾಲಿ ಬಿಡೋದಕ್ಕಿಂತ ಅಂದಾಜಲ್ಲಿ ಹಾಕೋದು ಮೇಲು. ಟೈಪ್ ಮಾಡೋವಾಗ ಕೀಬೋರ್ಡ್ ಕನ್ನಡದಲ್ಲಿ ನಿಂತಿದ್ಯಾ, ಮೊದಲ ಅಕ್ಷರ ತಾನಾಗೇ ಕ್ಯಾಪಿಟಲ್ ಆಗ್ತಿದ್ಯಾ ನೋಡ್ಕೊಳ್ಳಿ, ಸರಿಯಾದ ಪಾಸ್‌ವರ್ಡ್ ಹಾಕಿಯೂ ತಪ್ಪು ಅಂತ ಬರೋದು ಎಷ್ಟೋ ಸಲ ಇದರಿಂದ್ಲೇ.

ಇನ್ನು ಫೋನ್. ಚಿತ್ರ ಕಾಣ್ತಿದ್ದು ಬರೀ ಟಚ್ ಹೋಗಿದ್ರೆ ಓಟಿಜಿ ಕೇಬಲಲ್ಲಿ (ಫೋನಿಗೆ ಯುಎಸ್‌ಬಿ ಸಾಮಾನು ಸೇರಿಸೋ ಕೇಬಲ್) ಮೌಸ್ ಚುಚ್ಚಿದ್ರೆ ಆಗ್ತಿತ್ತು, ನಿಮ್ದು ಪೂರ್ತಿ ಕಪ್ಪು ಅಂತೀರಿ, ಡಿಸ್‌ಪ್ಲೇ ಬದಲಾಯಿಸ್ಲೇಬೇಕು. ರಿಪೇರಿಯವ್ರು ಫಾರ್ಮ್ಯಾಟ್ ಮಾಡಿಕೊಡ್ಲಾ ಅಂದ್ರೆ ಖಡಾಖಂಡಿತ ಬೇಡ ಅನ್ನಿ, ಒಂದು ಚೀಟೀಲಿ ಬರ್ದು ಫೋನಿಗೇ ಅಂಟಿಸಿ ಕೊಡಿ. ಫಾರ್ಮ್ಯಾಟ್ ಆದ್ರೆ ಲಾಗಿನ್ ಹೋಗತ್ತೆ, ಅದರ ಮೇಲೆ ಹಳೇ ಅಕೌಂಟಿನ ಪಾಸ್‌ವರ್ಡ್ ಇಲ್ಲಾ ಹಳೇ ಸ್ಕ್ರೀನ್ ಲಾಕ್ ಹಾಕೋ ತನಕ ಫೋನೂ ತೆರ್ಕೊಳ್ಳಲ್ಲ, ಆಂಡ್ರಾಯ್ಡ್ 5.1ರಿಂದ ಈ ಬೀಗ ಇದೆ. ರೀಸ್ಟಾರ್ಟ್ ಆದ್ಮೇಲೆ ಮೊದಲ ಸಲ ಬೆರಳಚ್ಚು ತಗೊಳ್ಳಲ್ಲ, ಪಿನ್ನೇ ಬೇಕು.

ಸ್ಕ್ರೀನ್ ಬಂದ್ಮೇಲೆ ಮನೆ ವೈಫೈಗೆ ಕನೆಕ್ಟ್ ಮಾಡಿ ಪಕ್ಕದಲ್ಲಿಟ್ಕೊಳ್ಳಿ, ಅದೇ ವೈಫೈಲಿ ಅದೇ ಲ್ಯಾಪ್‌ಟಾಪ್‌ನ ಅದೇ ಕ್ರೋಮಲ್ಲಿ ಫರ್ಗಾಟ್ ಪಾಸ್‌ವರ್ಡ್ ಒತ್ತಿ. ಹಳೇ ನಂಬರ್ ಕೇಳಿದ್ರೆ ಬೇರೆ ದಾರಿ ಒತ್ತಿ ಮುಂದೆ ಹೋಗಿ, ಫೋನಿಗೆ ನೀವೇನಾ ಅಂತ ಒಂದು ಪ್ರಶ್ನೆ ಬರೋ ಸಾಧ್ಯತೆ ತುಂಬಾ ಇದೆ, ಹೌದು ಅನ್ನಿ. ಅದು ಬರ್ಲಿಲ್ಲ ಅಂದ್ರೆ ಫೋನಿನ ಸೆಟ್ಟಿಂಗ್ಸಲ್ಲೇ ಗೂಗಲ್, ಮ್ಯಾನೇಜ್ ಅಕೌಂಟ್, ಸೆಕ್ಯುರಿಟಿ, ಪಾಸ್‌ವರ್ಡ್ ಅಂತ ಹೋಗಿ ಅಲ್ಲೇ ಮರೆತಿದೀನಿ ಅಂತ ಒತ್ತಿ, ಸ್ಕ್ರೀನ್ ಲಾಕ್ ಹಾಕಿಸ್ಕೊಂಡು ಬಿಡೋದೂ ಉಂಟು. ಏನೇ ಆದ್ರೂ ಆ ಫೋನಿಂದ ಅಕೌಂಟ್ ರಿಮೂವ್ ಮಾಡಿ ಮತ್ತೆ ಹಾಕೋಣ ಅನ್ನೋ ಯೋಚ್ನೆ ಮಾಡ್ಬೇಡಿ.

ಮುಂಗುರುಳು

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಂದು ಒಂದು ಎರಡನೇ ಅಕೌಂಟ್ ಇತ್ತು, 2020ರಿಂದ ಮುಟ್ಟಿಲ್ಲ. ಇದೇ ದಾರೀಲಿ ಸಿಗಬಹುದಾ? ಇನ್ನೊಂದು, ಟು ಸ್ಟೆಪ್ ಆನ್ ಇದ್ದು ಫೋನ್ ಕಳೆದ್ರೆ ಏನ್ಮಾಡೋದು?

ಹಳೇಮಾನಿಟರ್

ಎರಡು ವರ್ಷ ಯಾರೂ ಬಳಸದ ಅಕೌಂಟ್ ಅಳಿಸ್ತೀವಿ ಅಂತ ಗೂಗಲ್ 2023ರಲ್ಲಿ ಹೇಳ್ತು, ಆ ವರ್ಷ ಡಿಸೆಂಬರ್‌ನಿಂದ ಶುರು ಮಾಡಿದ್ರು. ಐಡಿ ಹಾಕಿದಾಗ ಇಂಥ ಅಕೌಂಟೇ ಇಲ್ಲ ಅಂತ ಬಂದ್ರೆ ಹೋಗಿರೋ ಸಾಧ್ಯತೆ ಹೆಚ್ಚು, ಸ್ಪೆಲ್ಲಿಂಗ್ ಒಂದ್ಸಲ ನೋಡ್ಕೊಳ್ಳಿ. ಪಾಸ್‌ವರ್ಡ್ ಕೇಳಿದ್ರೆ ಇನ್ನೂ ಇದೆ, ಪ್ರಯತ್ನ ಮಾಡಿ.

ಟು ಸ್ಟೆಪ್ ವಿಷ್ಯ: ಆನ್ ಮಾಡಿದ್ಮೇಲೆ ಬ್ಯಾಕಪ್ ಕೋಡ್ಸ್ (ಫೋನ್ ಕೈಲಿಲ್ಲದಾಗ ಹಾಕೋಕೆ ಮೊದ್ಲೇ ಕೊಡೋ ಕೋಡ್) ತಗೊಂಡಿದ್ರೆ ಎಂಟಂಕಿಯ ಹತ್ತು ಕೋಡ್ ಇರತ್ತೆ, ಒಂದೊಂದೂ ಒಂದೇ ಸಲ ನಡೆಯತ್ತೆ. ಡೌನ್‌ಲೋಡ್ ಮಾಡಿದ್ದು ಮರ್ತಿರ್ತೀರಿ, ಕಂಪ್ಯೂಟರಲ್ಲಿ ಬ್ಯಾಕಪ್ ಕೋಡ್ಸ್ ಅಂತ ಇಂಗ್ಲಿಷಲ್ಲಿ ಫೈಲ್ ಹುಡುಕಿ. ನಂಬರ್ ಇನ್ನೂ ನಿಮ್ಮ ಹೆಸರಲ್ಲೇ ಇದ್ರೆ ಡೂಪ್ಲಿಕೇಟ್ ಸಿಮ್ ತಗೊಂಡ್ರೆ ಸಾಕು. ಎರಡೂ ಇಲ್ಲ ಅಂದ್ರೆ ರಿಕವರಿಗೆ 3ರಿಂದ 5 ಕೆಲಸದ ದಿನ ಹಿಡಿಯಬಹುದು.

ನೀಲಿಶಾಯಿ

ಸಿಕ್ತು!! ಡಿಸ್‌ಪ್ಲೇ ಹಾಕಿಸ್ದೆ, ಫಾರ್ಮ್ಯಾಟ್ ಬೇಡ ಅಂತ ಚೀಟಿ ಅಂಟಿಸೇ ಕೊಟ್ಟಿದ್ದೆ. ಪಿನ್ ಹಾಕಿದ ಕೂಡ್ಲೇ ಮೇಲ್ ನೋಟಿಫಿಕೇಶನ್ ಒಂದರ ಮೇಲೊಂದು ಬರೋಕೆ ಶುರುವಾಯ್ತು, ಆಗ್ಲೇ ಅರ್ಧ ಜೀವ ಬಂತು. ಲ್ಯಾಪ್‌ಟಾಪಲ್ಲಿ ನೀವು ಹೇಳಿದ್ ಹಾಗೇ ಹೋದೆ, ಹಳೇ ಪಾಸ್‌ವರ್ಡ್ ಒಂದು ನೆನಪಾಗಿದ್ದು ಹಾಕ್ದೆ, ಆಮೇಲೆ ಫೋನಲ್ಲಿ ಪ್ರಶ್ನೆ ಬಂತು, ಹೌದು ಒತ್ತಿದ್ದಕ್ಕೆ ಹೊಸ ಪಾಸ್‌ವರ್ಡ್ ಇಡಿ ಅಂತು. ಫೋಟೋ ಎಲ್ಲಾ ಇದೆ. ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಸರ್. ಒಂದು ಡೌಟು, ರಿಕವರಿ ನಂಬರ್ ಈಗಿಂದಕ್ಕೆ ಬದಲಾಯಿಸ್ದೆ, ಆದ್ರೂ ಒಂದು ಕಡೆ ಕೋಡ್ ಕಳಿಸ್ಲಾ ಅಂತ ಹಳೇ ನಂಬರನ್ನೇ ತೋರಿಸ್ತಿದೆ, ಸೇವ್ ಆಗಿಲ್ವಾ?

ಹಳೇಮಾನಿಟರ್

ತುಂಬಾ ಖುಷಿ ಆಯ್ತು ಮೇಡಂ. ಸೇವ್ ಆಗಿದೆ, ಗಾಬರಿ ಬೇಡ. ನಂಬರ್ ಬದಲಾಯಿಸಿದ್ಮೇಲೂ 7 ದಿನ ಹಳೇದಕ್ಕೆ ಕೋಡ್ ಕಳಿಸೋ ಅವಕಾಶ ಇಟ್ಟಿರ್ತಾರೆ, ಯಾರಾದ್ರೂ ಒಳಗೆ ನುಗ್ಗಿ ನಂಬರ್ ಬದಲಾಯಿಸಿದ್ರೆ ನಿಜವಾದ ಮಾಲೀಕರು ವಾಪಸ್ ಬರ್ಲಿ ಅಂತ. ವಾರ ಬಿಟ್ಟು ನೋಡಿ, ಹೋಗಿರತ್ತೆ. ರಿಕವರಿ ಈಮೇಲನ್ನೂ ಇವತ್ತೇ ಬದಲಾಯಿಸಿ, ಕೆಲಸದ ಮೇಲ್ ಬೇಡ, ಮನೆಯವ್ರದ್ದು ಕೊಡಿ. ಹಳೇ ಫೋನ್ ಯಾರಿಗಾದ್ರೂ ಕೊಡೋದಿದ್ರೆ ಪಾಸ್‌ವರ್ಡ್ ಬದಲಾಯಿಸಿ 24 ಗಂಟೆ ಕಳೆದ್ಮೇಲೇ ರೀಸೆಟ್ ಮಾಡಿ, ಅದಕ್ಕೂ ಮುಂಚೆ ಹೊಸ ಫೋನಲ್ಲಿ ಸೈನ್ ಇನ್ ಆಗಿ ಫೋಟೋ ಕಾಣ್ತಿದ್ಯಾ ಒಂದ್ಸಲ ನೋಡ್ಕೊಂಡುಬಿಡಿ.