ಒಂಟಿಯಾದ ಗಿನಿ ಪಿಗ್‌ಗೆ ಜೊತೆ ತರುವುದು ಹೇಗೆ?

ಪ್ರಶ್ನೆ: ಎರಡು ಹೆಣ್ಣುಗಳಲ್ಲಿ ಒಂದು ಹೋಯಿತು. ಉಳಿದದ್ದಕ್ಕೆ 3 ವರ್ಷ, ಹುಲ್ಲನ್ನು ಅರ್ಧಕ್ಕೇ ಬಿಡುತ್ತಿದೆ. ಮರಿ ತರಲೇ, ದೊಡ್ಡದನ್ನೇ ತರಲೇ?

ಉತ್ತರ 1: ಮೊದಲು ದಿನಾ ತೂಕ ನೋಡಿ, ಅಡುಗೆಮನೆಯ ತಕ್ಕಡಿ ಸಾಕು. ತಿನ್ನುವುದು ಪೂರ್ತಿ ನಿಂತರೆ ಬೇಸರವೆಂದು ಕಾಯಬೇಡಿ, ಅದೇ ದಿನ ವೈದ್ಯರಿಗೆ ತೋರಿಸಿ. ಜೊತೆ ಆರಿಸುವಾಗ ವಯಸ್ಸಿಗಿಂತ ಸ್ವಭಾವ ಮುಖ್ಯ. ಸಂತಾನಹರಣವಾದ ಗಂಡು ಚೆನ್ನಾಗಿ ಹೊಂದುತ್ತದೆ. ಆಪರೇಷನ್ ಆಗಿ 6 ವಾರ ಕಳೆದಿರಲಿ.

ಉತ್ತರ 2: ಅಂಗಡಿಯವರು ‘ಹೆಣ್ಣೇ’ ಅಂದರೂ ನಂಬಬೇಡಿ, ಪರೀಕ್ಷೆ ಮಾಡಿಸಿ. ಹೊಸದನ್ನು 2–3 ವಾರ ಬೇರೆ ಕೋಣೆಯಲ್ಲಿಡಿ; ಕಜ್ಜಿ, ಶೀತ ಇದ್ದರೆ ಅಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ.

ಉತ್ತರ 3: ಭೇಟಿ ಎರಡಕ್ಕೂ ಹೊಸದಾದ ಜಾಗದಲ್ಲಿ, ಎರಡು ಗುಡ್ಡೆ ಹುಲ್ಲು ಹಾಕಿ. ಒಂದೇ ಬಾಗಿಲಿನ ಗೂಡು ಬೇಡ, ಒಳಗೆ ಸಿಕ್ಕಿಬಿದ್ದದ್ದು ಕಚ್ಚುತ್ತದೆ. ಗುರುಗುಟ್ಟುವುದು, ಮೇಲೇರುವುದು ಸಹಜ. ಹಲ್ಲು ಕಟಕಟಿಸಿ ಎಗರಿದರೆ ದಪ್ಪ ಟವೆಲ್ ಹಾಕಿ ಬಿಡಿಸಿ. ಬರಿಗೈ ಹಾಕಿದಿರೋ, ಕಡಿತ ನಿಮಗೇ!