ಸಹಾಯ ಬೇಕು: ಪಿಕಪ್‌ನ ಲೀಫ್ ಸ್ಪ್ರಿಂಗ್ ಬೋಲ್ಟ್ ಜಗ್ಗುತ್ತಿಲ್ಲ

ಹಳೇ ಹೆವಿ ಡ್ಯೂಟಿ ಪಿಕಪ್ ಒಂದನ್ನು ಮನೆಯಲ್ಲೇ ಬಿಚ್ಚಿ ರೆಡಿ ಮಾಡುತ್ತಿದ್ದೇನೆ. ಎಂಜಿನ್ ಗಟ್ಟಿಯಾಗಿದೆ, ಅದರ ಚಿಂತೆ ಇಲ್ಲ. ತಲೆನೋವು ಹಿಂದಿನ ಲೀಫ್ ಸ್ಪ್ರಿಂಗ್‌ನದ್ದು (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್). ಮುಂತುದಿಯ ಬೋಲ್ಟ್, ರಬ್ಬರ್ ಬುಷ್ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕು ಹಿಡಿದು ಕಚ್ಚಿಕೊಂಡಿದೆ. ನಟ್ ಬಂತು. ಬೋಲ್ಟ್ ತಿರುಗಿಸಿದರೆ ಮಾತ್ರ ರಬ್ಬರ್ ಸಮೇತ ತಿರುಚಿಕೊಂಡು ವಾಪಸ್ ಬರುತ್ತದೆ. ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದೆ, ಊಹೂಂ. ಗ್ಯಾಸ್‌ನಲ್ಲಿ ಕಾಯಿಸೋಣ ಅಂದ್ರೆ ಡೀಸೆಲ್ ಟ್ಯಾಂಕ್ ಪಕ್ಕದಲ್ಲೇ ಇದೆ.

ಬುಷ್ ಹೇಗೂ ಹೊಸದು ಹಾಕುತ್ತೇನೆ. ಹ್ಯಾಂಗರ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಹಿಡಿಯುವ ಬ್ರಾಕೆಟ್) ಸಂದಿಯಲ್ಲಿ ಬೋಲ್ಟನ್ನು ಎರಡೂ ಕಡೆ ಕತ್ತರಿಸಿಬಿಡಲಾ? ಗ್ರೈಂಡರ್ ತೂರುವುದಿಲ್ಲ, ರೆಸಿಪ್ರೊಕೇಟಿಂಗ್ ಗರಗಸ ಸಾಕಾಗುತ್ತಾ?

ಇನ್ನೊಂದು ಪ್ರಶ್ನೆ. ಲೋಡ್ ಜಾಸ್ತಿ ಹೊರುವುದಿಲ್ಲ, ಹಾಗಾಗಿ ಒಂದು ಪಟ್ಟಿ ತೆಗೆಯುವ ಯೋಚನೆ. ಹಿಂಭಾಗ ತಗ್ಗಿದರೆ ಲೋಡ್ ಸೆನ್ಸಿಂಗ್ ವಾಲ್ವ್ ಗಾಡಿ ತುಂಬಿದೆ ಅಂದುಕೊಂಡು ಹಿಂದಿನ ಬ್ರೇಕ್‌ಗೆ ಒತ್ತಡ ಹೆಚ್ಚಿಸುತ್ತದೆ ಅಲ್ವಾ? ಆ ವಾಲ್ವನ್ನು ಆಕ್ಸಲ್‌ಗೆ ಜೋಡಿಸುವ ರಾಡ್ ಹೊಂದಿಸುವುದು ಹೇಗೆ? ಮಾಡಿದವರು ದಯವಿಟ್ಟು ತಿಳಿಸಿ.