ರೋಲ್‌ರೈಟ್ ಕಲ್ಲುಗಳು: ಮಾಟಗಾತಿಯ ಕಥೆ ಎಷ್ಟು ಹಳೆಯದು?

ಪ್ರಶ್ನೆ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರ್ ಮತ್ತು ವಾರಿಕ್‌ಷೈರ್‌ಗಳ ಗಡಿಯಲ್ಲಿ ರೋಲ್‌ರೈಟ್ ಕಲ್ಲುಗಳೆಂಬ ಪ್ರಾಚೀನ ನಿಲುಗಲ್ಲುಗಳಿವೆ. ಏಳು ಹೆಜ್ಜೆ ನಡೆದಾಗ ಲಾಂಗ್ ಕಾಂಪ್ಟನ್ ಊರು ಕಣ್ಣಿಗೆ ಬಿದ್ದರೆ ಇಂಗ್ಲೆಂಡಿಗೇ ಅರಸನಾಗುವೆಯೆಂದು ದಂಡಿನೊಡನೆ ಬಂದ ರಾಜನಿಗೆ ಮಾಟಗಾತಿಯೊಬ್ಬಳು ಹೇಳಿದಳಂತೆ. ಏಳನೆಯ ಹೆಜ್ಜೆಗೆ ದಿಣ್ಣೆಯೊಂದು ಎದ್ದು ಊರನ್ನು ಮರೆಮಾಡಿ, ರಾಜನೂ ಅವನ ದಂಡೂ ಕಲ್ಲಾದರಂತೆ. ಕಲ್ಲು ನಿಲ್ಲಿಸಿದವರ ನಂಬಿಕೆಯ ನೆನಪೇನಾದರೂ ಇದರಲ್ಲಿ ಉಳಿದಿರಬಹುದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಉಳಿದಿರಲಾರದು ಎಂಬುದು ನನ್ನ ಅಭಿಪ್ರಾಯ. ಪಿಸುಮಾತಿನ ವೀರರು ಎಂದು ಕರೆಯುವ ಸಮಾಧಿಯ ಕಲ್ಲುಗಳು ಸುಮಾರು ಕ್ರಿ.ಪೂ. 3800ರವು, ದಂಡು ಎನ್ನಲಾಗುವ ಕಲ್ಲುಗಳ ವೃತ್ತ ಸುಮಾರು ಕ್ರಿ.ಪೂ. 2500ರದು, ಒಂಟಿಯಾಗಿ ನಿಂತ ರಾಜನ ಕಲ್ಲು ಸುಮಾರು ಕ್ರಿ.ಪೂ. 1500ರದು. ಎರಡು ಸಾವಿರ ವರ್ಷಗಳಿಗೂ ಮಿಕ್ಕ ಅಂತರವನ್ನು ಒಂದೇ ಗಳಿಗೆಯ ಶಾಪಕ್ಕೆ ಇಳಿಸಿದ ಕಥೆಯನ್ನು, ಮೂರನ್ನೂ ಒಟ್ಟಿಗೆ ಕಂಡ ಬಹಳ ಈಚಿನವರೇ ಕಟ್ಟಿರಬೇಕು. ಇತಿಹಾಸಕಾರ ವಿಲಿಯಂ ಕ್ಯಾಮ್ಡೆನ್‌ನ ಲ್ಯಾಟಿನ್ ಗ್ರಂಥ 1610ರಲ್ಲಿ ಇಂಗ್ಲಿಷಿಗೆ ಬಂದಾಗ ಅದರಲ್ಲಿ ಕಲ್ಲಾದ ಮನುಷ್ಯರೂ ಲಾಂಗ್ ಕಾಂಪ್ಟನ್ ಕಾಣದ ರಾಜನೂ ಇದ್ದಾರೆ; ಮಾಟಗಾತಿ ಮಾತ್ರ ಇಲ್ಲ. ಮುಂದೆ ಕ್ರೀಟ್ ದ್ವೀಪದ ಕ್ನಾಸಸ್ ಅರಮನೆಯನ್ನು ಅಗೆದು ಹೆಸರಾದ ಆರ್ಥರ್ ಇವಾನ್ಸ್ 1895ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಆಕೆ ಎಲ್ಡರ್ ಮರವಾಗಿ ನಿಂತಿದ್ದಾಳೆ. ನಡುಬೇಸಿಗೆಯ ಹಬ್ಬದ ಮುನ್ನಾದಿನ ಆ ಮರವನ್ನು ಕಡಿದರೆ ರಕ್ತ ಒಸರಿ, ರಾಜನು ತಲೆ ಅಲುಗಿಸುತ್ತಾನಂತೆ.

ಉತ್ತರ 2

ಕಾಲನಿರ್ಣಯವನ್ನು ಒಪ್ಪುತ್ತೇನೆ. ಆದರೆ ಕಥೆ ಈಚಿನದು ಎಂದಮಾತ್ರಕ್ಕೆ ಹಗುರವಾಗಿ ಕಾಣಬಾರದು. ಅದೇ ಲಾಂಗ್ ಕಾಂಪ್ಟನ್‌ನಲ್ಲಿ 1875ರಲ್ಲಿ, ಸುಮಾರು 80 ವರ್ಷದ ಆ್ಯನ್ ಟೆನಂಟ್ ಎಂಬ ವೃದ್ಧೆಯನ್ನು, ಆಕೆ ಮಾಟಗಾತಿಯೆಂದು ನಂಬಿದ ಊರಿನ ಕೂಲಿಯಾಳೊಬ್ಬನು ಹುಲ್ಲೆತ್ತುವ ಕವಲುಗೋಲಿನಿಂದ ತಿವಿದು ಕೊಂದನು. ನ್ಯಾಯಾಲಯವು ಅವನನ್ನು ಬುದ್ಧಿಭ್ರಮಣೆಯವನೆಂದು ಪರಿಗಣಿಸಿತು. ಆದರೆ ಊರಿನಲ್ಲಿ ಇನ್ನೂ ಹಲವು ಮಾಟಗಾತಿಯರಿದ್ದಾರೆಂಬ ಅವನ ನಂಬಿಕೆ ಅವನೊಬ್ಬನದೇ ಆಗಿರಲಿಲ್ಲ. ಕಲ್ಲಿನ ಕಥೆಯೇ ಕೊಲೆಗೆ ಕಾರಣವೆನ್ನಲಾಗದು. ಎರಡೂ ಬೆಳೆದ ನೆಲ ಒಂದೇ ಎನ್ನಬಹುದು.

ಉತ್ತರ 3

ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಇಲ್ಲಿ ನೆನಪಾಗುತ್ತದೆ. ಅಲ್ಲಿನ ಬೃಹತ್ ಶಿಲಾ ಸಮಾಧಿಗಳನ್ನು ಜನರು ಮೋರ್ಯರ ಮನೆಗಳೆಂದು ಕರೆದು, ಗಿಡ್ಡ ಜನರು ವಾಸವಾಗಿದ್ದರೆಂದು ಹೇಳುತ್ತಾರೆ. ಚಪ್ಪಡಿಯ ಗೋಡೆ, ಮೇಲೆ ಮುಚ್ಚುಗಲ್ಲು, ಮುಂದೆ ದುಂಡು ಕಿಂಡಿ ಕಂಡವರಿಗೆ ಮನೆಯೇ ಹೊಳೆಯುವುದು ಸಹಜ. ರೋಲ್‌ರೈಟ್‌ನಲ್ಲಿ ಸವೆದು ನಿಂತ ಕಲ್ಲುಗಳು ಮನುಷ್ಯರಂತೆ ಕಾಣುವುದರಿಂದ, ಅವರನ್ನು ಕಲ್ಲಾಗಿಸಲು ಯಾರಾದರೊಬ್ಬರು ಬೇಕಾಯಿತು. ರಾಜನ ಕಲ್ಲಿನ ಡೊಂಕು ಆಕಾರಕ್ಕೂ ಜನರೇ ಕಾರಣ: ದನ ಹೊಡೆದುಕೊಂಡು ಹೋಗುವವರು ರಕ್ಷೆಗೆಂದು ಅದರ ಚೂರುಗಳನ್ನು ಒಡೆದು ಒಯ್ಯುತ್ತಿದ್ದುದರಿಂದ, ಈಗ ಸುತ್ತಲೂ ಕಬ್ಬಿಣದ ಬೇಲಿ ಹಾಕಲಾಗಿದೆ.